ಸೆಪ್ಟೆಂಬರ್ 30ರ ಸಂಜೆ: ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಬನ್ನಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 30 ಕೆನಡಾದಲ್ಲಿ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ದಿನ. ಇಲ್ಲಿ ಒಂಟಾರಿಯೊದಲ್ಲಿ ಮಕ್ಕಳಿಗೆ ಅವತ್ತು ಶಾಲೆ ಇರುತ್ತೆ. ಅದಕ್ಕೇ ನಮ್ಮ ಬಡಾವಣೆಯ ಸಭೆಯನ್ನು ಸಂಜೆ 6ಕ್ಕೆ ಪಾರ್ಕಿನಲ್ಲಿ ಇಟ್ಟಿದ್ದಾರೆ.

ಕಿತ್ತಳೆ ಬಣ್ಣವೇ ಯಾಕೆ ಅಂತ ಮಕ್ಕಳು ಕೇಳಿಯೇ ಕೇಳ್ತಾರೆ. 1973ರಲ್ಲಿ ಫಿಲ್ಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಮೂಲನಿವಾಸಿ ಹುಡುಗಿ, ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ತೊಟ್ಟು ಬ್ರಿಟಿಷ್ ಕೊಲಂಬಿಯಾದ ವಸತಿ ಶಾಲೆಗೆ (ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಡಲು ಸರ್ಕಾರ ಮತ್ತು ಚರ್ಚುಗಳು ನಡೆಸುತ್ತಿದ್ದ ಶಾಲೆ) ಹೋದಳು. ಮೊದಲ ದಿನವೇ ಅಂಗಿ ಬಿಚ್ಚಿಸಿ ಇಟ್ಟುಕೊಂಡರು. ಮತ್ತೆ ಕೊಡಲೇ ಇಲ್ಲ. ಹೀಗೆ ಮನೆಯಿಂದ, ಮನೆಮಾತಿನಿಂದ ದೂರ ಮಾಡಿದ ಮೂಲನಿವಾಸಿ ಮಕ್ಕಳು ಸುಮಾರು 1,50,000. ಎಷ್ಟೋ ಮಕ್ಕಳು ವಾಪಸ್ ಬರಲೇ ಇಲ್ಲ. ಚಿಕ್ಕವರಿಗೆ ಅಂಗಿಯ ಕಥೆ ಸಾಕು, ಉಳಿದದ್ದು ದೊಡ್ಡವರಾದ ಮೇಲೆ ಹೇಳೋಣ.

ಹೊಸ ಟಿ-ಶರ್ಟೇ ಬೇಕೆಂದಿಲ್ಲ, ಮನೆಯಲ್ಲಿರುವ ಕುರ್ತಾ, ಸೀರೆ ಆದರೂ ನಡೆಯುತ್ತೆ. ಕೊಳ್ಳುವುದಾದರೆ ಮೂಲನಿವಾಸಿ ಕಲಾವಿದರ ಹತ್ತಿರವೇ ಕೊಳ್ಳಿ. ಹಿರಿಯರು ಮಾತಾಡುವಾಗ ವಿಡಿಯೊ ಬೇಡ. ಮತ್ತೆ, ಇದು ಹಬ್ಬ ಅಲ್ಲ ಅಲ್ವಾ? ದಯವಿಟ್ಟು ಗುಂಪಿನಲ್ಲಿ ‘ಹ್ಯಾಪಿ’ ಅಂತ ಫಾರ್ವರ್ಡ್ ಹಾಕಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಕುರ್ಚಿ ಹೊಂದಿಸಬೇಕು.