ಎರಡನೇ ಪಂಕ್ತಿಯವರಿಗೆ ನಮಸ್ಕಾರ

ಮೊನ್ನೆ ಭಾನುವಾರ ನನ್ನ ಮೊದಲ ಪ್ರದರ್ಶನ ಮುಗಿಯಿತು. 22 ಬೊಂಬೆಗಳಲ್ಲಿ 9 ಮಾರಾಟವಾದವು, ಉಳಿದವು ಬೈಹುಲ್ಲಿನಲ್ಲಿ ಸುತ್ತಿಕೊಂಡು ರಿಕ್ಷಾದಲ್ಲಿ ಮನೆಗೆ ಬಂದವು. ಕೆಲವರಿಗೆ ನಾಲ್ಕು ಮಾತು ಹೇಳದಿದ್ದರೆ ತಪ್ಪಾಗುತ್ತದೆ.

ನಾನು ಮಣ್ಣಿನಲ್ಲಿ ಮಾಡುವುದು ದೇವರನ್ನಲ್ಲ, ನಮ್ಮನ್ನೇ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರು, ಲಿಫ್ಟಿನಲ್ಲಿ ಪಕ್ಕದವರ ಮುಖ ತಪ್ಪಿಸಿ ನಂಬರ್ ದಿಟ್ಟಿಸುವವರು. ಎಲ್ಲಕ್ಕಿಂತ ಹೆಚ್ಚು, ಮದುವೆ ಊಟದಲ್ಲಿ ನಮ್ಮ ಕುರ್ಚಿಯ ಹಿಂದೆ ನಿಂತು, ನಾವು ಮಜ್ಜಿಗೆಗೆ ಬಂದೆವೋ ಇಲ್ಲವೋ ಎಂದು ಎಲೆ ಇಣುಕುವ ಎರಡನೇ ಪಂಕ್ತಿಯವರು. ಮುಖ ಎಲ್ಲೋ ಇರುತ್ತದೆ, ಕೈ ಮಾತ್ರ ಆಗಲೇ ಕುರ್ಚಿಯ ಬೆನ್ನ ಮೇಲೆ. ಅದಕ್ಕೇ ನನ್ನ ಬೊಂಬೆಗಳಿಗೆ ಮುಖಕ್ಕಿಂತ ಕೈ ದೊಡ್ಡದು.

ಕಳೆದ ಆಟಿ ತಿಂಗಳಲ್ಲಿ, ಅಂದರೆ ನಮ್ಮ ಕಡೆಯ ಜಡಿಮಳೆಯ ಕಾಲದಲ್ಲಿ, ಬಾಡಿಗೆ ಕಿಲ್ನ್‌ನಲ್ಲಿ (ಮಣ್ಣು ಸುಡುವ ಗೂಡು) 19 ಬೊಂಬೆ ಇಟ್ಟಿದ್ದೆ. ಮೈ ಒಣಗಿತ್ತು, ದಪ್ಪ ಹೊಟ್ಟೆಯೊಳಗೆ ಪಸೆ ಉಳಿದಿತ್ತು. ಶಾಖ 100 ಡಿಗ್ರಿ ದಾಟಿದ್ದೇ ತಡ, ಒಳಗಿನ ನೀರು ಆವಿಯಾಗಿ ಹೊರಬರಲು ದಾರಿ ಸಿಗದೆ ಒಂದೊಂದಾಗಿ ಪಟ್ ಎಂದವು. ಹೊರಗೆ ಕೂತು ಎಣಿಸಿದೆ, 14. ಉಳಿದ ಐದರ ಆಸೆಗೆ ಬೆಂಕಿ ಆರಿಸಲಿಲ್ಲ. ತಪ್ಪು ಮಳೆಯದ್ದಲ್ಲ, ನನ್ನ ಅವಸರದ್ದು.

ಆ ಚೂರುಗಳನ್ನು ಗೋಣಿಯಲ್ಲಿ ತುಂಬಿಸುತ್ತಿದ್ದಾಗ ಬಂದವರು ನಮ್ಮ ಓಣಿಯ ಅಜ್ಜ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಸುಬು ಮಂಗಳೂರಿನ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ; ಅಜ್ಜನೂ ಹೆಂಚಿನ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. "ಬಿಸಾಡ್ಬೇಡ ಮಗಾ, ಕುಟ್ಟಿ ಹುಡಿ ಮಾಡಿ ಹೊಸ ಮಣ್ಣಿಗೆ ಸೇರಿಸು. ಸುಟ್ಟ ಹುಡಿ ಇದ್ದರೆ ಮಣ್ಣು ಕಮ್ಮಿ ಕುಗ್ಗುತ್ತದೆ, ಆವಿಗೂ ದಾರಿ ಆಗುತ್ತದೆ. ಮತ್ತೆ, ಒಣಗಿತಾ ಅಂತ ಕೆನ್ನೆಗೆ ಒತ್ತಿ ನೋಡು. ತಣ್ಣಗೆ ತಾಗಿದರೆ ಇನ್ನೂ ನೀರಿದೆ." ಪುಸ್ತಕ ಓದಿ ನನಗೂ ಗೊತ್ತಿದ್ದ ಮಾತೇ. ಮಾಡಿರಲಿಲ್ಲ, ಅಷ್ಟೆ.

ಹುಡಿ ಕುಟ್ಟಿ ಜರಡಿ ಹಿಡಿದವರು ನನ್ನ ಅತ್ತೆ. ಅವರ ಒಳ್ಳೆಯ ಜರಡಿ ಹಾಳಾಯಿತು, ಹೊಸದು ತಂದುಕೊಟ್ಟಿದ್ದೇನೆ, ಹಳೆಯದರಷ್ಟು ಚೆನ್ನಾಗಿಲ್ಲವಂತೆ. ಎರಡನೇ ಸಲದ ಬಾಡಿಗೆ ಬೇಡವೆಂದ ಕಿಲ್ನ್‌ನ ಗೆಳತಿಗೆ, ನಾಲ್ಕು ಮದುವೆಗಳಲ್ಲಿ ಕಂಬದ ಪಕ್ಕ ನಿಂತು ಚಿತ್ರ ಬರೆದುಕೊಳ್ಳಲು ಬಿಟ್ಟ ಅಡುಗೆ ಭಟ್ಟರಿಗೆ ("ಊಟ ಆಯ್ತಾ ಇಲ್ವಾ?" ಎಂದು ಪ್ರತಿ ಸಲ ಕೇಳಿದ್ದಕ್ಕೆ ಪ್ರತ್ಯೇಕವಾಗಿ) ಋಣಿ. ಪ್ರದರ್ಶನದ ಮೂರನೇ ದಿನ ಬಂದು, "ಇದು ನಾನೇ ಮಾರಾಯ್ತಿ, ಸಂಶಯವೇ ಇಲ್ಲ" ಎಂದು ಜೋರಾಗಿ ನಕ್ಕ ಹಿರಿಯರಿಗೂ. ನಗುತ್ತಾ ಅವರ ಕೈ ಪಕ್ಕದ ಕುರ್ಚಿಯ ಬೆನ್ನು ಹಿಡಿದಿತ್ತು.

ನಿನ್ನೆ ಅಜ್ಜನಿಗೆ ಒಂದು ಬೊಂಬೆ ಕೊಟ್ಟುಬಂದೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕಿಲ್ಲ. ಬೊಂಬೆ ಯಾರದ್ದು, ಏನು ಎಂದು ಕೇಳಲಿಲ್ಲ. ತೆಗೆದುಕೊಂಡವರೇ ಮೊದಲು ಕೆನ್ನೆಗೆ ಒತ್ತಿ ನೋಡಿದರು.