ಹೊಳೆಯ ಮಾತು ಗ್ರಾಮಸಭೆಗೆ ಬರಲಿ

ಮಾನ್ಯ ಸಂಪಾದಕರೇ,

ತುಲಾ ಸಂಕ್ರಮಣ ಕಳೆದು ಕಾವೇರಿಯ ನೀರು ತಿಳಿಯಾಗುವ ಈ ದಿನಗಳು ಕೊಡಗಿನಲ್ಲಿ ಗಾಳ ಹಾಕುವವರಿಗೆ ವರ್ಷದ ಅತ್ಯುತ್ತಮ ಕಾಲ. ಇದೇ ಹೊತ್ತಿಗೆ, 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯರ ಐದು ವರ್ಷದ ಅವಧಿಯ ನಂತರದ ಚುನಾವಣೆಯ ಮಾತು ಹಳ್ಳಿಗಳಲ್ಲಿ ಆರಂಭವಾಗಿದೆ. ಈ ಎರಡು ಸಂಗತಿಗಳಿಗೆ ನೇರ ಸಂಬಂಧವಿದೆ ಎಂಬುದು ನನ್ನ ದೃಢವಾದ ನಂಬಿಕೆ. ಹೊಳೆದಂಡೆಯಲ್ಲಿ ಕೂರುವವರು ಅದನ್ನು ಹೇಳದೆ ಹೋದರೆ ಬೇರೆಯವರು ಹೇಳುವುದು ಕಷ್ಟವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ಜೂನ್‌ನಿಂದ ಆಗಸ್ಟ್‌ವರೆಗೆ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಗಾಳಕ್ಕೆ ಕೆಲಸವಿಲ್ಲ. ಮೀನುಗಳು ಮೊಟ್ಟೆಯಿಡಲು ಸೆಳವಿಗೆ ಎದುರಾಗಿ ಹತ್ತಿ, ತೋಡುಗಳ (ಸಣ್ಣ ಹಳ್ಳಗಳ) ದಾರಿಯಲ್ಲಿ ಗದ್ದೆಯವರೆಗೂ ಬರುವ ಕಾಲ ಅದು. ಆಶ್ವಯುಜದ ಹೊತ್ತಿಗೆ ಮರಿಗಳು ಹೊಳೆಗೆ ಇಳಿದಿರುತ್ತವೆ. ಬಲಿತ ಮೀನುಗಳು ಮಡುವಿನ ಅಂಚಿನಲ್ಲಿ, ಬಂಡೆಯ ಹಿಂದೆ ಸೆಳವು ಸಡಿಲವಾಗುವ ಜಾಗದಲ್ಲಿ, ದಂಡೆಯ ಅತ್ತಿ ಮರದ ಹಣ್ಣು ನೀರಿಗೆ ಬೀಳುವ ಕಡೆಯಲ್ಲಿ ನಿಲ್ಲುತ್ತವೆ. ಎರೆಹುಳು ಸಿಕ್ಕಿಸಿದ ಸಣ್ಣ ಗಾಳಕ್ಕೆ ಗೆಂಡೆ ಬರುತ್ತದೆ. ಮಹಶೀರ್ ಎಂಬ ದೊಡ್ಡ ಹೊಳೆಮೀನು ಬೇಕೆನ್ನುವವರು ರಾಗಿ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ನಾದಿದ ಉಂಡೆಯನ್ನು ಗಾಳಕ್ಕೆ ಕಟ್ಟಿ, ದಾರದ ಮೇಲೆ ಬೆರಳಿಟ್ಟು ಕಾಯುತ್ತಾರೆ. ಈ ಕಾಯುವಿಕೆಯಲ್ಲಿ ಮೀನಿಗಿಂತ ಹೆಚ್ಚಾಗಿ ಹೊಳೆಯೇ ಕಣ್ಣಿಗೆ ಬೀಳುತ್ತದೆ. ಯಾವ ತೋಡಿನ ಬಾಯಿಯಲ್ಲಿ ಈ ವರ್ಷ ಮರಿಮೀನಿನ ಹಿಂಡು ಕಾಣಲಿಲ್ಲ, ಯಾವ ಕಲ್ಲಿನ ಮೇಲೆ ಲೋಳೆಯಂಥ ಪಾಚಿ ದಪ್ಪವಾಗಿದೆ, ನೀರುನಾಯಿಗಳು ಯಾವ ಮಡುವನ್ನು ಬಿಟ್ಟುಹೋಗಿವೆ ಎಂಬುದೆಲ್ಲ ಗಂಟೆಗಟ್ಟಲೆ ಕುಳಿತವರಿಗೆ ಗೊತ್ತಾಗುತ್ತದೆ. ಭಾಗಮಂಡಲದಿಂದ ನಾಪೋಕ್ಲು, ಬೇತ್ರಿ, ಸಿದ್ದಾಪುರ, ದುಬಾರೆ ದಾಟಿ ಕುಶಾಲನಗರದವರೆಗೆ ಇಂಥ ತಿಳಿವಳಿಕೆಯುಳ್ಳವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಅವರು ಕಂಡದ್ದು ಯಾವ ಕಡತದಲ್ಲೂ ಇಲ್ಲ, ಏಕೆಂದರೆ ಅದನ್ನು ಅವರು ಯಾವ ಸಭೆಯಲ್ಲೂ ಹೇಳಿಲ್ಲ, ಯಾರೂ ಅವರನ್ನು ಕೇಳಿಯೂ ಇಲ್ಲ.

ಕೇಳದೆ ಕೈಗೊಂಡ ತೀರ್ಮಾನಗಳಿಗೆ ಹೊಳೆ ಬೆಲೆ ತೆತ್ತಿದೆ. ಕಾವೇರಿ ಕೊಳ್ಳದಲ್ಲಿ ಮಾತ್ರ ಕಾಣಸಿಗುವ, ಕಿತ್ತಳೆ ಬಣ್ಣದ ರೆಕ್ಕೆಯ, ಉಬ್ಬುಬೆನ್ನಿನ ಮಹಶೀರ್ ಯಾವ ಪ್ರಭೇದವೆಂಬುದು ವಿಜ್ಞಾನಿಗಳಿಗೆ ಖಚಿತವಾದದ್ದು 2018ರಲ್ಲಿ. ‘ಟಾರ್ ರೆಮಾದೇವಿ’ ಎಂದು ಗುರುತಿಸಲಾದ ಆ ಮೀನು ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಯಾಗಿ ಸೇರಿತು. ಅದಕ್ಕೂ ಎಷ್ಟೋ ಮೊದಲು, 1970ರ ದಶಕದಿಂದ, ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಡಲಾಗಿತ್ತು. ಬಿಟ್ಟವರ ಉದ್ದೇಶ ಮಹಶೀರ್ ಸಂತತಿಯನ್ನು ಉಳಿಸುವುದೇ ಆಗಿತ್ತು. ಹೊರಗಿನಿಂದ ಬಂದ ಮೀನು ಇಲ್ಲಿಯದರ ಜಾಗವನ್ನು ಆಕ್ರಮಿಸುತ್ತಿದೆ ಎಂಬುದು ಬಹಳ ತಡವಾಗಿ ಅರಿವಿಗೆ ಬಂದಿತು. ಆಗ ಇಂಥ ವಿಷಯವನ್ನು ಊರಿನ ಮುಂದಿಡಲು ಸಂವಿಧಾನಬದ್ಧ ಗ್ರಾಮಸಭೆ ಇರಲಿಲ್ಲ. ಈಗ ಇದೆ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಹನ್ನೊಂದನೇ ಅನುಸೂಚಿಯನ್ನು ಸೇರಿಸಿ, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಐದನೆಯದು ಮೀನುಗಾರಿಕೆ. ರಸ್ತೆ, ಬೀದಿದೀಪ, ಕುಡಿಯುವ ನೀರಿನ ಬಗ್ಗೆ ಗ್ರಾಮಸಭೆಯಲ್ಲಿ ಏರುಧ್ವನಿಯಲ್ಲಿ ಮಾತನಾಡುವ ನಾವು, ಮೀನು ಮತ್ತು ಹೊಳೆಯ ವಿಷಯವೂ ಅಷ್ಟೇ ಅಧಿಕೃತವಾಗಿ ಆ ಸಭೆಗೆ ಸೇರಿದ್ದೆಂಬುದನ್ನು ಮರೆತಿದ್ದೇವೆ. ಮೀನಿನ ಮಾತೆಂದರೆ ಬಿಡುವಿರುವವರ ಹವ್ಯಾಸದ ಮಾತು ಎಂಬ ಭಾವನೆ ಬಲವಾಗಿದೆ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಸಂಜೆ ಸಾರಿಗೆಂದು ಗಾಳ ಹಿಡಿದು ತೋಡಿಗೆ ಇಳಿಯುವವರನ್ನೂ, ಹೊಳೆಯಂಚಿನ ಹಾಡಿಗಳ ಯರವ ಮತ್ತು ಜೇನುಕುರುಬ ಕುಟುಂಬಗಳನ್ನೂ ಕಂಡಿರುವ ಯಾರೂ ಹಾಗೆ ಹೇಳಲಾರರು.

ಹೊಳೆಗೆ ಬಂದಿರುವ ಕುತ್ತು ಗುಟ್ಟಿನದೇನಲ್ಲ. ನೀರು ಇಳಿದ ಮೇಲೆ ಮಡುಗಳಿಗೆ ಸಿಡಿಮದ್ದು ಎಸೆಯುವುದು, ತೋಡುಗಳಿಗೆ ಮೈಲುತುತ್ತ ಅಥವಾ ಬ್ಲೀಚಿಂಗ್ ಪುಡಿ ಕದಡಿ ಮರಿಯಿಂದ ಹಿಡಿದು ಏಡಿಯವರೆಗೆ ಎಲ್ಲವನ್ನೂ ಕೊಲ್ಲುವುದು ಇಂದಿಗೂ ನಡೆಯುತ್ತಿದೆ. ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯೇ ಅಪರಾಧವೆಂದಿತ್ತು. ಒಂದೇ ಶತಮಾನವಲ್ಲ, ಅದಕ್ಕೂ ಹೆಚ್ಚು ಕಾಲ ಕಾನೂನು ಇದ್ದೂ ಈ ಕೃತ್ಯ ನಿಂತಿಲ್ಲವೆಂದರೆ, ಇನ್ನೊಂದು ಸುತ್ತೋಲೆಯಿಂದ ಅದು ನಿಲ್ಲುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ನಡುರಾತ್ರಿ ತೋಡಿಗೆ ಮದ್ದು ಹಾಕುವವನನ್ನು ಜಿಲ್ಲಾ ಕೇಂದ್ರದ ಅಧಿಕಾರಿ ಹಿಡಿಯಲಾರ. ಊರು ಮಾತ್ರ ತಡೆಯಬಲ್ಲದು, ಅದೂ ಆ ನಿಯಮವನ್ನು ತಾನೇ ಮಾಡಿದ್ದೆಂದು ಊರಿಗೆ ಅನ್ನಿಸಿದಾಗ. ವಾಲ್ನೂರಿನ ಬಳಿ ಕೊಡಗು ವನ್ಯಜೀವಿ ಸಂಘವು ಪರವಾನಗಿ ನೀಡಿ, ಹಿಡಿದ ಮಹಶೀರನ್ನು ಜೀವಂತವಾಗಿ ಮತ್ತೆ ನೀರಿಗೆ ಬಿಡಬೇಕೆಂಬ ಷರತ್ತಿನಲ್ಲಿ ಗಾಳದ ಮೀನುಗಾರಿಕೆ ನಡೆಸಿಕೊಂಡು ಬಂದಿರುವುದು ನಮ್ಮ ಮುಂದಿದೆ. ಕಾವಲಿಗೆ ಜನರಿರುವ ಕಡೆ ಹೊಳೆ ಉಳಿಯುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ. ಆದರೆ ಒಂದು ಸಂಘ ಒಂದು ತುಂಡು ಹೊಳೆಯನ್ನು ಮಾತ್ರ ಕಾಯಬಲ್ಲದು.

ಇನ್ನೊಂದು ಕುತ್ತಿನ ಬಗ್ಗೆ ಮಾತನಾಡುವುದು ನಮ್ಮಲ್ಲಿ ಹೆಚ್ಚು ಕಷ್ಟ, ಏಕೆಂದರೆ ಅದು ನಮ್ಮೆಲ್ಲರ ಅನ್ನದ ಮೂಲದಿಂದಲೇ ಬರುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿಯ ಕುಯ್ಲು ಆರಂಭವಾಗಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳು ತಿರುಗತೊಡಗಿದರೆ, ಸಿಪ್ಪೆ ಮತ್ತು ಲೋಳೆ ಕರಗಿದ ನೀರು ತೋಡು ಸೇರುತ್ತದೆ. ಅದರಲ್ಲಿರುವ ಸಕ್ಕರೆಯಂಶ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತದೆ. ಮಳೆಗಾಲದಲ್ಲಾದರೆ ಹೊಳೆ ಅದನ್ನು ತೊಳೆದುಕೊಂಡು ಹೋದೀತು. ಹರಿವು ದಿನದಿಂದ ದಿನಕ್ಕೆ ತಗ್ಗುವ ಚಳಿಗಾಲದಲ್ಲಿ ಅದು ಮಡುಗಳಲ್ಲೇ ನಿಂತು ಮೀನು ಉಸಿರುಗಟ್ಟಿ ತೇಲುತ್ತದೆ. ದೊಡ್ಡ ತೋಟಗಳಲ್ಲಿ ಹಲವರು ಗುಂಡಿ, ತೊಟ್ಟಿ ಕಟ್ಟಿಸಿ ಆ ನೀರನ್ನು ಸಂಸ್ಕರಿಸುತ್ತಾರೆ, ಅವರನ್ನು ಅಭಿನಂದಿಸಬೇಕು. ಐದಾರು ಎಕರೆಯ ಸಣ್ಣ ಬೆಳೆಗಾರನಿಗೆ ಆ ಖರ್ಚು ನಿಜವಾಗಿಯೂ ಭಾರ. ಅವನನ್ನು ದೂಷಿಸಿ ದಂಡ ಹಾಕಿಸುವುದಕ್ಕಿಂತ, ಒಂದೇ ತೋಡಿನ ಉದ್ದಕ್ಕೂ ಇರುವ ನಾಲ್ಕೈದು ಬೆಳೆಗಾರರು ಸೇರಿ ಸಾಮೂಹಿಕ ತೊಟ್ಟಿ ಕಟ್ಟಲು ಪಂಚಾಯಿತಿ ನೆರವಾಗಬಹುದೇ ಎಂಬ ಚರ್ಚೆ ವಾರ್ಡ್ ಸಭೆಯಲ್ಲೇ ಆಗಬೇಕು. ಬೆಳೆಗಾರ, ಕೂಲಿ ಕಾರ್ಮಿಕ, ಹಾಡಿಯ ಹಿರಿಯ, ಗಾಳ ಹಾಕುವವ ಎಲ್ಲರೂ ಒಂದೇ ಚಾವಣಿಯಡಿ ಎದುರುಬದುರು ಕೂರುವ ಬೇರೆ ಜಾಗ ನಮ್ಮ ಜಿಲ್ಲೆಯಲ್ಲಿ ನನಗೆ ತಿಳಿದಿಲ್ಲ.

ಆದರೆ ಹೊಳೆ ಒಂದು ಪಂಚಾಯಿತಿಯ ಗಡಿಯಲ್ಲಿ ನಿಲ್ಲುವುದಿಲ್ಲ. ಮೇಲಿನ ಊರು ಮಾಡಿದ ಒಳ್ಳೆಯದೂ ಕೆಟ್ಟದ್ದೂ ಕೆಳಗಿನ ಊರಿಗೆ ಹರಿಯುತ್ತದೆ. ಅಂಥ ವಿಷಯಗಳಿಗೆಂದೇ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು ಇರುವುದು. ಅವು ಇಂದು ಚುನಾಯಿತ ಸದಸ್ಯರಿಲ್ಲದೆ ಖಾಲಿಯಾಗಿವೆ. 2016ರ ಫೆಬ್ರವರಿಯಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳಿದ್ದರೂ, ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂಬ ಕಾರಣಗಳಡಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಅಧಿಕಾರದಲ್ಲಿ ಯಾವ ಪಕ್ಷವಿದ್ದರೂ ಈ ವಿಳಂಬಕ್ಕೆ ಹೊಣೆ ಹೊರಲೇಬೇಕು. ಕೊಡಗಿಗೆ ಇದರ ನಷ್ಟ ಉಳಿದ ಜಿಲ್ಲೆಗಳಿಗಿಂತ ಹೆಚ್ಚು ಎಂದು ನಾನು ಹೇಳುವುದಕ್ಕೆ ಚರಿತ್ರೆಯ ಆಧಾರವಿದೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಿಂದ 1956ರವರೆಗೆ ಇಲ್ಲಿಯ ವಿಧಾನಸಭೆಯಲ್ಲಿ 24 ಸದಸ್ಯರಿದ್ದರು. ಇಂದು 224 ಸದಸ್ಯರ ವಿಧಾನಸಭೆಯಲ್ಲಿ ನಮ್ಮವು ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡೇ ಕ್ಷೇತ್ರಗಳು. ನಾನು ಆ ಹಳೆಯ ವ್ಯವಸ್ಥೆಯನ್ನು ಮರಳಿ ಕೇಳುತ್ತಿಲ್ಲ. ಇಷ್ಟು ಕಡಿಮೆ ಪ್ರಾತಿನಿಧ್ಯವಿರುವ ಜಿಲ್ಲೆಗೆ ಅದರ ಸ್ಥಳೀಯ ಸಂಸ್ಥೆಗಳೇ ನಿಜವಾದ ದನಿ ಎಂದಷ್ಟೇ ಹೇಳುತ್ತಿದ್ದೇನೆ.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ, ಮತ ಕೇಳಲು ಬರುವವರು ನಮಗೆ ಗೊತ್ತಿರುವ ಮುಖಗಳೇ ಆಗಿರುತ್ತಾರೆ. ಅವರು ಅಂಗಳಕ್ಕೆ ಬಂದಾಗ ರಸ್ತೆಯ ಜೊತೆಗೆ ಹೊಳೆಯನ್ನೂ ಕೇಳೋಣ: ಮೀನು ಮೊಟ್ಟೆಯಿಡಲು ಹತ್ತುವ ವಾರಗಳಲ್ಲಿ ತೋಡುಗಳ ಬಾಯಿಗೆ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಡದಂತೆ ಊರೊಪ್ಪಿದ ನಿಯಮ ತರಲು ಅವರು ಸಿದ್ಧರೇ, ವಿಷ ಹಾಕಿದವರ ಹೆಸರು ಹೇಳಿದವರ ಬೆನ್ನಿಗೆ ನಿಲ್ಲುವರೇ ಎಂದು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕೆಂಬ ನಿಯಮವಿದೆ. ಆದರೆ ಕೆಲಸದ ದಿನದ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಅಂದಿನ ಕೂಲಿ ಬಿಟ್ಟು ಬರಲಾಗದವರು ಹೊರಗೇ ಉಳಿಯುತ್ತಾರೆ, ಮತ್ತು ಹೊಳೆಯನ್ನು ಹೆಚ್ಚು ಬಲ್ಲವರು ಅವರೇ. ಆದ್ದರಿಂದ ಹೊಳೆದಂಡೆಯ ಎಲ್ಲ ಪಂಚಾಯಿತಿಗಳು ಕುಯ್ಲು ಬಿರುಸಾಗುವ ಮೊದಲೇ ಒಂದು ಭಾನುವಾರ ಸಭೆ ಕರೆದು, ಹೊಳೆ ಮತ್ತು ಮೀನುಗಾರಿಕೆಯನ್ನು ಕಾರ್ಯಸೂಚಿಯಲ್ಲಿ ಪ್ರತ್ಯೇಕ ವಿಷಯವಾಗಿ ಸೇರಿಸಬೇಕು. ಮೀನುಗಾರಿಕಾ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಅಂದು ಹಾಜರಿರುವಂತೆ ಜಿಲ್ಲಾಡಳಿತ ಈಗಲೇ ಸೂಚನೆ ನೀಡಬೇಕು.

ಇಂತಿ,
ಕಾವೇರಿ ತೀರದ ಒಬ್ಬ ಓದುಗ
ಸಿದ್ದಾಪುರ, ಕೊಡಗು