ಟೈಮಿಂಗ್ ಬೆಲ್ಟ್ ಬದಲಾವಣೆಯ ಕುರಿತು ನಮ್ಮ ಗ್ರಾಹಕರಿಗೆ

ಪೆರ್ಲ, ಕಾಸರಗೋಡು ಜಿಲ್ಲೆ

ಮಾನ್ಯರೇ,

ಕಾರು ಸರ್ವಿಸಿಗೆ ಬಂದಾಗ ಟೈಮಿಂಗ್ ಬೆಲ್ಟಿನ (ಇಂಜಿನ್ನಿನ ಭಾಗಗಳನ್ನು ಒಂದಕ್ಕೊಂದು ಹೊಂದಿಸಿ ತಿರುಗಿಸುವ, ಹಲ್ಲುಗಳಿರುವ ರಬ್ಬರು ಬೆಲ್ಟು) ಕವರು ತೆಗೆದು ನೋಡಿ, ‘ಇನ್ನೂ ಹತ್ತು ಸಾವಿರ ಓಡೀತು’ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸುವ ಕ್ರಮ ನಮ್ಮ ವರ್ಕ್‌ಶಾಪಿನಲ್ಲಿ ಈವರೆಗೆ ಇತ್ತು. ಬರುವ ತಿಂಗಳ ಒಂದನೇ ತಾರೀಕಿನಿಂದ ಅದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಕಾರಿನ ಮ್ಯಾನುವಲ್‌ನಲ್ಲಿ ನಮೂದಿಸಿದ ಕಿಲೋಮೀಟರ್ ಮತ್ತು ವರ್ಷ, ಇವೆರಡರಲ್ಲಿ ಯಾವುದು ಮೊದಲು ತುಂಬುತ್ತದೋ ಆಗಲೇ ಬೆಲ್ಟ್ ಬದಲಾಯಿಸಬೇಕೆಂದು ಬಿಲ್ಲಿನಲ್ಲಿ ಬರೆದು ತಿಳಿಸುತ್ತೇವೆ.

ಇದಕ್ಕೆ ನಮ್ಮದೇ ತಪ್ಪೊಂದು ಕಾರಣ. ಮಗ ಗಲ್ಫಿನಲ್ಲಿರುವ ಗ್ರಾಹಕರೊಬ್ಬರ ಡೀಸೆಲ್ ಕಾರು ಒಂಬತ್ತು ವರ್ಷಗಳಲ್ಲಿ 38,000 ಕಿ.ಮೀ. ಮಾತ್ರ ಓಡಿತ್ತು. ಬೆಲ್ಟಿನಲ್ಲಿ ಬಿರುಕಿರಲಿಲ್ಲ, ಅದರ ಬೆನ್ನಿನ ಮೇಲೆ ಅಚ್ಚಾಗಿದ್ದ ನಂಬರು ಕೂಡ ಓದುವಂತಿತ್ತು, ತೊಂದರೆಯಿಲ್ಲ ಎಂದೆವು. ನಾಲ್ಕು ತಿಂಗಳಾದ ಮೇಲೆ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಇಂಜಿನ್ ನಿಂತಿತು. ಬಿಚ್ಚಿ ನೋಡಿದರೆ ಬೆಲ್ಟ್ ತುಂಡಾಗಿರಲಿಲ್ಲ. ಏಳು ಹಲ್ಲುಗಳು ಬುಡಸಮೇತ ಕಿತ್ತು ಹೋಗಿ, ಕವರಿನ ತಳದಲ್ಲಿ ಕಪ್ಪು ಹುಡಿ ಬಿದ್ದಿತ್ತು. ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿದಾಗ, ಗಾಳಿಯನ್ನು ಒಳಕ್ಕೂ ಹೊಗೆಯನ್ನು ಹೊರಕ್ಕೂ ಬಿಡುವ ವಾಲ್ವುಗಳು ಬಾಗಿದ್ದವು. ಕೂಲಿಯನ್ನು ನಾವು ತೆಗೆದುಕೊಳ್ಳಲಿಲ್ಲ, ಆದರೂ ಬಿಡಿಭಾಗಗಳ ಖರ್ಚು ಅವರಿಗೆ ತಪ್ಪಲಿಲ್ಲ.

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗುವಂತೆ ನೋಡಿಕೊಳ್ಳುವುದೇ ಈ ಬೆಲ್ಟಿನ ಕೆಲಸವಾಗಿದ್ದು, ಅದು ಜಾರಿದರೆ ತೆರೆದುಕೊಂಡಿರುವ ವಾಲ್ವಿಗೆ ಮೇಲಕ್ಕೆ ಬರುವ ಪಿಸ್ಟನ್ ಬಡಿಯುತ್ತದೆ. ಹೆಚ್ಚಿನ ಡೀಸೆಲ್ ಇಂಜಿನ್‌ಗಳಲ್ಲಿ ಇದರಿಂದ ಪಾರಾಗುವ ದಾರಿಯಿಲ್ಲ. ಹಿಂದಿನ ಕಾಲದ ಬೆಲ್ಟುಗಳು ಬಿರುಕು ತೋರಿಸುತ್ತಿದ್ದವು. ಈಗಿನ ರಬ್ಬರು ಅಷ್ಟು ಸುಲಭವಾಗಿ ಬಿರಿಯುವುದಿಲ್ಲವಾದ್ದರಿಂದ ಕಣ್ಣಿನ ಪರೀಕ್ಷೆಯನ್ನು ನಂಬುವಂತಿಲ್ಲ.

ನಮ್ಮ ಊರಿನಲ್ಲಿ ಶೆಡ್ಡಿನಲ್ಲೇ ವರ್ಷದ ಹೆಚ್ಚಿನ ಭಾಗ ಕಳೆಯುವ ಕಾರುಗಳು ಬಹಳ ಇವೆ. ಅವುಗಳಿಗೆ ಕಿಲೋಮೀಟರಿನ ಲೆಕ್ಕ ಎಂದೂ ತುಂಬುವುದಿಲ್ಲ, ರಬ್ಬರಿಗೆ ಮಾತ್ರ ವಯಸ್ಸಾಗುತ್ತಲೇ ಇರುತ್ತದೆ. ಮ್ಯಾನುವಲ್‌ನಲ್ಲಿ ವರ್ಷ ಹೇಳದ ಕಾರುಗಳಿಗೆ ಆರು ವರ್ಷವೆಂದು ಇಟ್ಟುಕೊಂಡಿದ್ದೇವೆ. ಇದು ನಮ್ಮ ಅನುಭವದ ಲೆಕ್ಕವೇ ಹೊರತು ಕಂಪೆನಿಯ ಮಾತಲ್ಲ. ಹಳೆಯ 2.5 ಲೀಟರ್ ಡೀಸೆಲ್ ಇನ್ನೋವಾದ ಡ್ಯಾಶ್‌ಬೋರ್ಡಿನಲ್ಲಿ ಬೆಲ್ಟಿನ ದೀಪ ಉರಿಯುವುದನ್ನೇ ಕಾಯುವವರಿದ್ದಾರೆ. ಆ ದೀಪ ಎಣಿಸುವುದು ಕಿಲೋಮೀಟರನ್ನು ಮಾತ್ರ, ಅದು ಬೆಲ್ಟನ್ನು ನೋಡುವುದಿಲ್ಲ. ಆಯಿಲ್ ಅಥವಾ ಕೂಲೆಂಟ್ ಸೋರಿ ಬೆಲ್ಟ್ ನೆನೆದಿದ್ದರೆ ಅವಧಿ ಉಳಿದಿದ್ದರೂ ಬದಲಾಯಿಸಲೇಬೇಕಾಗುತ್ತದೆ, ಸೋರಿಕೆಯನ್ನು ಮೊದಲು ನಿಲ್ಲಿಸಿದ ಮೇಲೆ.

ಇನ್ನೊಂದು ಬದಲಾವಣೆ ಬಿಲ್ಲಿಗೆ ಸಂಬಂಧಿಸಿದ್ದು. ಬೆಲ್ಟ್ ಒಂದನ್ನೇ ಹಾಕಿ ಕೊಡುವ ಕೆಲಸವನ್ನು ಇನ್ನು ಒಪ್ಪಿಕೊಳ್ಳುವುದಿಲ್ಲ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರ್ ಮತ್ತು ಅದನ್ನು ದಾರಿಯಲ್ಲಿಡುವ ಐಡ್ಲರ್ ಗಾಲಿಗಳನ್ನು, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಜೊತೆಗೇ ಬದಲಾಯಿಸುತ್ತೇವೆ. ಖರ್ಚು ಏರುವುದು ನಿಜ. ಆದರೆ ಈ ಭಾಗಗಳನ್ನು ಹಳೆಯದೇ ಉಳಿಸಿ ಅವುಗಳ ಬೇರಿಂಗ್ ಕೆಟ್ಟು ಹೊಸ ಬೆಲ್ಟನ್ನು ತಿಂದುಹಾಕಿದರೆ ಅಷ್ಟೇ ಕೂಲಿಯನ್ನು ನೀವು ಎರಡನೆಯ ಸಲ ಕೊಡಬೇಕಾಗುತ್ತದೆ. ತೆಗೆದ ಹಳೆಯ ಭಾಗಗಳನ್ನು ನಿಮ್ಮ ಕೈಗೇ ಕೊಡುತ್ತೇವೆ. ತಾರೀಕು ಮತ್ತು ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ಟಿನ ಒಳಭಾಗಕ್ಕೆ ಅಂಟಿಸುತ್ತೇವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಲ್ಲಿ ಬೆಲ್ಟ್ ಬದಲಾಯಿಸಿದ ಬಿಲ್ಲು ಇಲ್ಲವಾದರೆ, ಹಿಂದಿನ ಮಾಲೀಕರು ಏನೇ ಹೇಳಿರಲಿ, ಬದಲಾಯಿಸಿಲ್ಲ ಎಂದೇ ತಿಳಿಯುತ್ತೇವೆ.

ಸ್ವಿಫ್ಟಿನ 1.3 ಲೀಟರ್ ಡೀಸೆಲ್‌ನಂತೆ ಚೈನ್ ಇರುವ ಇಂಜಿನ್‌ಗಳಿಗೆ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಓಡುತ್ತಿದ್ದ ಬೆಲ್ಟಿನ ಕಾರು ಥಟ್ಟನೆ ನಿಂತು, ಸ್ಟಾರ್ಟರ್ ಎಂದಿಗಿಂತ ಹಗುರವಾಗಿ ತಿರುಗಿದರೆ ಬೆಲ್ಟ್ ಹೋಗಿರುವ ಸಂಭವವಿದೆ, ದಯವಿಟ್ಟು ಮತ್ತೆ ಮತ್ತೆ ಕೀ ತಿರುಗಿಸದೆ ನಮಗೆ ಫೋನ್ ಮಾಡಿ.

ಈ ಕೆಲಸಕ್ಕೆ ಪೂರ್ತಿ ಒಂದು ದಿನ ಬೇಕಾಗುವುದರಿಂದಲೂ, ಪತ್ತನಾಜೆ (ಮೇ ತಿಂಗಳ ಕೊನೆಯ ಭಾಗ) ಕಳೆದು ಮಳೆ ಹಿಡಿದ ಮೇಲೆ ನಮ್ಮಲ್ಲಿ ಇತರ ಕೆಲಸಗಳು ಹೆಚ್ಚುವುದರಿಂದಲೂ ಅವಧಿ ಮುಗಿದವರು ಅದರೊಳಗೆ ದಿನ ಗೊತ್ತುಮಾಡಿಕೊಳ್ಳಬೇಕಾಗಿ ವಿನಂತಿ. ಬರುವಾಗ ಸರ್ವಿಸ್ ಬುಕ್ ತನ್ನಿ.

ಇತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕ